ರಾಕ್ಷಸಿಗೊಂದು ಬಾಲ್ಯ ಬೇಕಾಗಿದೆ

ಇಂಥವು ನನಗೇ ಯಾಕೆ ಆಗುತ್ತವೋ ಎಂದು ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಿದ್ದೆ. ಮೊಂಬಾಸಾದಲ್ಲಿ ಆಗಿದೆ, ಹನೋಯ್‌ನಲ್ಲಿ ಆಗಿದೆ, ಲಿಸ್ಬನ್ನಿನ ಒಂದು ಚೀಸ್ ಅಂಗಡಿಯಲ್ಲೂ ಆಗಿದೆ. ಊರು ಬದಲಾಯಿಸಿದರೆ ನಿಲ್ಲಬಹುದು ಅಂದುಕೊಂಡು ಹೊರಟರೆ, ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತವೆ. ಆದರೂ ದೆಹಲಿಯಲ್ಲಿ ಆದಷ್ಟು ಧಾರಾಳವಾಗಿ ಬೇರೆಲ್ಲೂ ಆಗಲಿಲ್ಲ.

ಎರಡು ಸಾವಿರದ ಆಚೀಚಿನ ಮಾತಲ್ಲ, ಇನ್ನೂ ಸ್ವಲ್ಪ ಈಚೆಗೆ, ಮೆಟ್ರೋ ರೈಲು ರೋಹಿಣಿ ಬಡಾವಣೆಯವರೆಗೆ ಬಂದಿದ್ದ ಕಾಲ. ನಾನು ಮುನಿರ್ಕಾದಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಹಿಡಿದಿದ್ದೆ. ಕೆಲಸ ನೋಯ್ಡಾದಲ್ಲಿ, ಇನ್ವರ್ಟರ್ ಅಂಗಡಿಯ ಮೇಲಿದ್ದ ಪುಟ್ಟ ಪ್ರಕಾಶನದಲ್ಲಿ. ನಾವು ಮಾಡುತ್ತಿದ್ದದ್ದು ಗ್ರಾಫಿಕ್ ನಾವೆಲ್. ಕಾಮಿಕ್ಸ್‌ಗೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಕೊಡುತ್ತಿದ್ದ ಉತ್ತರ ಇಷ್ಟೇ: ರಟ್ಟು ದಪ್ಪ, ನಗು ಕಡಿಮೆ.

ಎಂಬತ್ತರ ದಶಕದಲ್ಲಿ ಬಂದ ಮಕ್ಕಳ ಸಿನಿಮಾ ಒಂದಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಇವತ್ತಿಗೂ ಯಾರಾದರೂ ವಕೀಲರು ಫೋನು ಮಾಡಿಯಾರು. ಅಣ್ಣ ತಂಗಿ ಹಗ್ಗದ ಮಂಚದ ಮೇಲೆ ಕೂತು ಹಾರುತ್ತಾರೆ. ಮಾತಾಡುವ ಗೂಬೆಯೊಂದು ದಾರಿ ತೋರಿಸುತ್ತದೆ. ಗಾಜಿನ ಕೋಟೆಯಲ್ಲಿ ಉದ್ದ ಮೂಗಿನ ರಾಕ್ಷಸಿಯೊಬ್ಬಳು ಮಕ್ಕಳನ್ನು ತಿನ್ನಲು ಕಾದಿರುತ್ತಾಳೆ. ಅವಳು ನಕ್ಕರೆ ಕಿಟಕಿಗಳು ಒಡೆಯುತ್ತವೆ. ಭಾನುವಾರ ಸಂಜೆ ಅದು ಟಿವಿಯಲ್ಲಿ ಬಂತೆಂದರೆ ಸೋಮವಾರ ಬೆಳಿಗ್ಗೆ ಉತ್ತರ ಭಾರತದ ತಾರಸಿಗಳ ಮೇಲೆಲ್ಲ ಹಾಸಿಗೆ ಒಣಗುತ್ತಿದ್ದವು.

ನಮ್ಮ ಬಾಸ್, ಎಂ.ಬಿ.ಎ. ಮಾಡಿ ಸೋಪು ಮಾರಿ ಬೇಸರವಾಗಿ ಸಾಹಿತ್ಯಕ್ಕೆ ಇಳಿದಿದ್ದ ಹುಡುಗ, ಆ ಸಿನಿಮಾದ ನಿರ್ಮಾಪಕರಿಂದ ಹಕ್ಕು ಕೊಂಡಿದ್ದ. ಸಿನಿಮಾಕ್ಕೆ ಮುಂಚೆ ಏನಾಗಿತ್ತು ಎಂಬುದು ನಮ್ಮ ಪುಸ್ತಕ. ಬರೆಯುವುದು ನಾನು. ಹಕ್ಕು ಮಾರ್ಚ್ ಕೊನೆಯವರೆಗೆ ಮಾತ್ರ. ಅಷ್ಟರಲ್ಲಿ ಪುಸ್ತಕ ಪ್ರೆಸ್ಸಿಗೆ ಹೋಗದಿದ್ದರೆ ಕಂಪನಿಗೆ ಬೀಗ. ನನ್ನದೂ ಒಂದು ಹಟವಿತ್ತು. "ನೀನು ಯಾವ ಊರಲ್ಲೂ ಎರಡನೇ ಸಲ ಕರೆಂಟ್ ಬಿಲ್ ಕಟ್ಟಿದವಳಲ್ಲ" ಎಂದು ಅಮ್ಮ ಫೋನಿನಲ್ಲಿ ಹಂಗಿಸುತ್ತಿದ್ದಳು. ಇದೊಂದು ಕೆಲಸವನ್ನಾದರೂ ಮುಗಿಸಿಯೇ ಊರು ಬಿಡಬೇಕು, ನನ್ನ ಹೆಸರಿರುವ ರಟ್ಟನ್ನು ಅವಳ ಮಡಿಲಿಗೆ ಹಾಕಬೇಕು ಎಂದುಕೊಂಡಿದ್ದೆ.

ಯಾರೂ ಸಾಯುವ ಹಾಗಿಲ್ಲ

ಬಾಸ್‌ಗೆ ಸಸ್ಪೆನ್ಸ್ ಬೇಕಿತ್ತು.

"ನಲವತ್ತನೇ ಪುಟದಲ್ಲಿ ಗೂಬೆ ಬಾವಿಗೆ ಬೀಳಲಿ," ಅಂದ. "ಬದುಕುತ್ತಾ, ಸಾಯುತ್ತಾ? ಓದುಗ ಉಗುರು ಕಚ್ಚಬೇಕು."

"ಸಾಯಲ್ಲ," ಅಂದೆ.

"ಅದು ನಿಮಗೆ ಗೊತ್ತು ಮೇಡಂ. ಓದುಗನಿಗೆ?"

"ಅವನಿಗೂ ಗೊತ್ತು. ಗೂಬೆ ಸಿನಿಮಾದಲ್ಲಿದೆ. ಸಿನಿಮಾ ನಡೆಯೋದು ಇದಾದ ಮೇಲೆ. ಸತ್ತ ಗೂಬೆ ದಾರಿ ಹೇಗೆ ತೋರಿಸುತ್ತೆ?"

ಬಾಸ್ ಪೆನ್ನು ಕಚ್ಚಿದ. "ಅಚ್ಛಾ, ಹಾಗಾದರೆ ರಾಕ್ಷಸಿ ಬೀಳಲಿ."

"ಅವಳೂ ಸಿನಿಮಾದಲ್ಲಿದ್ದಾಳೆ."

"ಮಂಚ?"

"ಮಂಚಾನೂ."

"ಅಂದರೆ ಈ ಪುಸ್ತಕದಲ್ಲಿ ಯಾರಿಗೂ ಏನೂ ಆಗುವ ಹಾಗೇ ಇಲ್ವಾ?"

ಹಕ್ಕು ಕೊಳ್ಳುವಾಗ ಹೊಳೆಯದ ಸತ್ಯ ಅವನಿಗೆ ಆಗ ಹೊಳೆಯಿತು. ಮುಖ ನೋಡಿ ನನಗೇ ಪಾಪ ಅನ್ನಿಸಿತು. ಕೊನೆಗೆ ಒಂದು ಉಪಾಯ ಮಾಡಿದೆವು: ಸಿನಿಮಾದಲ್ಲಿ ಇಲ್ಲದ ಯಾರನ್ನಾದರೂ ಹುಟ್ಟಿಸುವುದು, ಆಮೇಲೆ ಕೊಲ್ಲುವುದು. ಹೀಗೆ ಗೂಬೆಗೊಬ್ಬ ಅಣ್ಣ ಹುಟ್ಟಿದ, ಸಾಯಲೆಂದೇ.

ಈ ವಿಷಯ ಆಫೀಸಿಗೆಲ್ಲ ಗೊತ್ತಾಗಿದ್ದೇ ತಪ್ಪಾಯಿತು. ಸಾಯುವವನು ಎಂದು ಎಲ್ಲರೂ ಅಣ್ಣಗೂಬೆಯ ಮೇಲೆ ಅಕ್ಕರೆ ಸುರಿಸತೊಡಗಿದರು. ಬಣ್ಣ ಹಾಕುವ ಹುಡುಗಿ ಇದ್ದಬದ್ದ ಒಳ್ಳೆಯ ಬಣ್ಣವನ್ನೆಲ್ಲ ಅವನ ರೆಕ್ಕೆಗೆ ಹಾಕಿದಳು. ನಾನೂ ಬಿಡಲಿಲ್ಲ, ತಮಾಷೆಯ ಮಾತುಗಳನ್ನೆಲ್ಲ ಅವನ ಬಾಯಿಗೇ ಕೊಟ್ಟೆ. ಅವನು ಸಾಯುವ ಪುಟ ಮೇಜಿಗೆ ಬಂದ ದಿನ ಬಾಸ್ ಅದನ್ನು ನೋಡಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

"ಬೇಡ ಮೇಡಂ. ಇವನು ಬದುಕಲಿ. ಮನೆಗೆ ಹಿರಿಮಗ."

"ಬದುಕಿದರೆ ಸಿನಿಮಾದಲ್ಲಿ ಯಾಕೆ ಇಲ್ಲ ಅಂತ ಓದುಗರು ಕೇಳಲ್ವಾ? ತಮ್ಮ ಅಷ್ಟು ಕಷ್ಟದಲ್ಲಿರುವಾಗ ಅಣ್ಣ ಎಲ್ಲಿ ಹೋಗಿದ್ದ?"

ದೆಹಲಿಯಲ್ಲಿ ಹುಟ್ಟಿ ಬೆಳೆದ ಬಾಸ್ ಒಂದು ಕ್ಷಣವೂ ಯೋಚಿಸಲಿಲ್ಲ.

"ಕೆನಡಾಕ್ಕೆ."

ಮಗು ಅಂದಮೇಲೆ ಬೆಳಕು ಬೇಕಲ್ಲ

ನಮ್ಮ ಚಿತ್ರಗಾರರನ್ನು ಎಲ್ಲರೂ ಮಾಸ್ಟರ್‌ಜೀ ಅನ್ನುತ್ತಿದ್ದರು. ಆ ಮನುಷ್ಯ ಮೂವತ್ತು ವರ್ಷ ದೇವರ ಕ್ಯಾಲೆಂಡರ್ ಬರೆದು ಬಂದವರು. ಸಿನಿಮಾದ ರಾಕ್ಷಸಿಯ ಮುಖವನ್ನು ಒಂದು ಗೆರೆ ಆಚೀಚೆ ಆಗದಂತೆ ಇಳಿಸಿದ್ದರು, ಆ ಮೂಗನ್ನಂತೂ ಕೈಯಲ್ಲಿ ಹಿಡಿಯಬಹುದಿತ್ತು. ಆದರೆ ಕಥೆಯಲ್ಲಿ ರಾಕ್ಷಸಿಯ ಬಾಲ್ಯವೂ ಬರುತ್ತಿತ್ತು. ಬಾಸ್ ಪ್ರಕಾರ ಅದೇ ಪುಸ್ತಕದ ಜೀವ. ಈಗಿನ ಓದುಗರಿಗೆ ಕೆಟ್ಟವರು ಸುಮ್ಮನೆ ಕೆಟ್ಟವರಾದರೆ ಹಿಡಿಸುವುದಿಲ್ಲವಂತೆ, ಚಿಕ್ಕಂದಿನಲ್ಲಿ ಅತ್ತಿರಬೇಕಂತೆ.

ಮಾಸ್ಟರ್‌ಜೀಗೆ ಬಾಲ್ಯ ಅಂದರೆ ಒಂದೇ ಬಾಲ್ಯ ಗೊತ್ತಿದ್ದದ್ದು. ತೊಟ್ಟಿಲ ರಾಕ್ಷಸಿಗೆ ಗುಂಡು ಕೆನ್ನೆ, ಗುಂಗುರು ಕೂದಲು, ತಲೆಯ ಹಿಂದೆ ಪ್ರಭಾವಳಿ.

"ಮಾಸ್ಟರ್‌ಜೀ, ಇವಳು ಮುಂದೆ ಮಕ್ಕಳನ್ನು ತಿನ್ನುವವಳು," ಅಂದೆ.

"ಮುಂದಿನದು ಮುಂದೆ. ಈಗ ಮಗು. ಮಗು ಅಂದಮೇಲೆ ಬೆಳಕು ಬೇಕಲ್ಲ?"

ಬಾಸ್ ಬಂದು, "ಡಾರ್ಕ್ ಬೇಕು ಮಾಸ್ಟರ್‌ಜೀ, ಡಾರ್ಕ್," ಅಂದ. ಮಾಸ್ಟರ್‌ಜೀ ತಲೆಯಾಡಿಸಿ ಹೋದರು. ಮರುದಿನ ಮಗುವಿಗೆ ಮೈತುಂಬ ನೀಲಿ ಬಳಿದು ತಂದರು. ಪ್ರಭಾವಳಿ ಇನ್ನೂ ಎದ್ದು ಕಾಣುತ್ತಿತ್ತು.

ಅಲ್ಲಿಂದ ಮುಂದೆ ಆ ಹಾಳೆಯಿದ್ದ ಮೇಜಿನ ಮೇಲೆ ಯಾರೂ ಚಹಾ ಲೋಟ ಇಡಲಿಲ್ಲ. ಮಾರಾಟದವನು ಒಳಗೆ ಬರುವಾಗ ಚಪ್ಪಲಿ ಬಿಡತೊಡಗಿದ. ನಮ್ಮ ಲೆಕ್ಕಪತ್ರದ ಹೆಂಗಸು ಹಾದುಹೋಗುವಾಗಲೆಲ್ಲ ಕೆನ್ನೆ ಮುಟ್ಟಿಕೊಳ್ಳುತ್ತಿದ್ದಳು. ಒಂದು ಮಂಗಳವಾರ ಬೆಳಿಗ್ಗೆ ನೋಡಿದರೆ ಯಾರೋ ಹಾಳೆಯ ಮುಂದೆ ಊದುಬತ್ತಿ ಹಚ್ಚಿಟ್ಟಿದ್ದಾರೆ, ಫ್ಯಾನಿನ ಗಾಳಿಗೆ ಅದು ವಾಲಿ, ರಾಕ್ಷಸಿಯ ತಲೆಯ ಹಿಂದೆ ದೊಡ್ಡ ಕರಿ ತೂತು ಸುಟ್ಟಿದೆ. ಪ್ರಭಾವಳಿ ಇದ್ದ ಜಾಗವೇ ಮಾಯ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬಾಸ್ ಬಂದ, ಹಾಳೆಯನ್ನು ಬೆಳಕಿಗೆ ಹಿಡಿದ, ಕಣ್ಣು ಅರಳಿತು.

"ನೋಡಿ! ಮಾಸ್ಟರ್‌ಜೀಗೆ ಕೊನೆಗೂ ಅರ್ಥ ಆಯ್ತು, ಡಾರ್ಕ್ ಅಂದ್ರೆ ಏನು ಅಂತ!"

ಲೋಧಿ ಕಾಲೋನಿಯ ಅಭಿಪ್ರಾಯ

ಪುಸ್ತಕವನ್ನು ಪ್ರೆಸ್ಸಿಗೆ ಕೊಡುವ ಮೊದಲು ಒಂದು ಮಗುವಿಗೆ ಓದಿಸಿ ನೋಡಬೇಕಿತ್ತು. ಲೋಧಿ ಕಾಲೋನಿಯಲ್ಲಿ ಸಂಬಂಧದಲ್ಲಿ ಚಿಕ್ಕಪ್ಪ ಒಬ್ಬರಿದ್ದರು, ಯಾವುದೋ ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿ. ಅವರ ಮಗಳಿಗೆ ಹತ್ತು ವರ್ಷ. ಭಾನುವಾರ ಹಾಳೆಗಳನ್ನು ಹಿಡಿದು ಹೋದೆ. ಹುಡುಗಿ ಇನ್ನೂ ಎದ್ದಿರಲಿಲ್ಲ. ಚಿಕ್ಕಪ್ಪನೇ ಕನ್ನಡಕ ಏರಿಸಿಕೊಂಡು ಕೂತರು.

"ಏನಮ್ಮ ಇದು, ಪ್ರೀಕ್ವೆಲ್ಲು ಅಂದ್ರೆ?"

"ಮೊದಲಿನ ಕಥೆಗಿಂತ ಮುಂಚಿನ ಕಥೆ ಚಿಕ್ಕಪ್ಪ."

"ಓ, ಫೈಲಿನ ಹಿಂದಿನ ನೋಟಿಂಗು. ಹಾಗನ್ನು ಮತ್ತೆ. ಅದಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ?"

ಹತ್ತು ಪುಟ ಓದುವಷ್ಟರಲ್ಲಿ ಹಸಿರು ಪೆನ್ನು ಹೊರಗೆ ಬಂತು. "ಈ ಋಷಿ ರಾಕ್ಷಸಿಗೆ ಶಾಪ ಕೊಡ್ತಾನಲ್ಲ, ಕೊಡೋ ಅಧಿಕಾರ ಇವನಿಗೆ ಇದೆಯಾ? ಯಾರು ವಹಿಸಿದ್ದು? ಅವಳ ಕಡೆಯಿಂದ ವಿವರಣೆ ಕೇಳಿದಾನಾ? ಕೇಳದೇ ನೇರ ಶಾಪ ಕೊಟ್ಟರೆ ಟ್ರಿಬ್ಯೂನಲ್‌ನಲ್ಲಿ ನಿಲ್ಲಲ್ಲಮ್ಮ ಇದು. ಒಂದೇ ವಿಚಾರಣೆಗೆ ಅವಳನ್ನು ವಾಪಸ್ ಮನುಷ್ಯಳನ್ನಾಗಿ ಮಾಡು ಅಂತಾರೆ. ಹಿಂದಿನ ಸಂಬಳ ಸಮೇತ."

"ರೀ, ಅದು ಮಕ್ಕಳ ಪುಸ್ತಕ," ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದರು.

"ಮಕ್ಕಳಿಗೆ ನಿಯಮ ಬೇಡವಾ?"

ಅಷ್ಟರಲ್ಲಿ ಹುಡುಗಿ ಎದ್ದು ಬಂದು, ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಹಾಳೆ ತಿರುವಿದಳು. "ಅಕ್ಕಾ, ಇವಳು ಬಾದ್ ಮೇ ಬುರೀ ಆಗ್ತಾಳೆ ನಾ?"

"ಹೌದು ಪುಟ್ಟಿ, ಆಮೇಲೆ ಕೆಟ್ಟವಳಾಗ್ತಾಳೆ."

"ವೋ ತೋ ನಂಗೆ ಗೊತ್ತು. ಫಿರ್ ಯಾಕೆ ಓದ್ಬೇಕು?" ಎಂದು ಬಾಯಿ ತೊಳೆಯಲು ಹೋದಳು.

ಒಂದೂವರೆ ವರ್ಷದ ನನ್ನ ದುಡಿಮೆ ಹೀಗೆ ಬಚ್ಚಲುಮನೆ ಸೇರಿತು. ಚಿಕ್ಕಪ್ಪ ಗಂಭೀರವಾಗಿ ಪೆನ್ನಿನ ಮುಚ್ಚಳ ಹಾಕಿದರು. "ಎತ್ತಿರುವ ಆಕ್ಷೇಪ ಮೂಲಭೂತವಾದದ್ದು. ಮೇಲಿನವರ ಅಭಿಪ್ರಾಯ ಪಡೆಯೋದು ಒಳ್ಳೇದು," ಎಂದು ಹಾಳೆಗಳನ್ನು ಅಡುಗೆಮನೆಗೆ ಕಳಿಸಿದರು.

ಚಿಕ್ಕಮ್ಮ ಚಪಾತಿ ಲಟ್ಟಿಸುತ್ತಲೇ ಓದಿದರು. ಹಿಟ್ಟಿನ ಕೈಯಲ್ಲೇ ಒಂದೊಂದು ಪುಟ ಸರಿಸಿದರು. ಕೊನೆಗೆ ಕೇಳಿದರು: "ಎಲ್ಲಾ ಸರಿ ಕಣೆ. ಈ ರಾಕ್ಷಸಿಗೆ ಮದುವೆ ಆಗಿತ್ತಾ?"

"ಇಲ್ಲ ಚಿಕ್ಕಮ್ಮ."

"ಅಂದರೆ ಅತ್ತೆ ಇಲ್ಲ."

"ಇಲ್ಲ."

"ಮತ್ತೆ ಕೆಟ್ಟವಳು ಹೇಗಾದಳು?"

ಒಳಕೋಣೆಯಿಂದ ಅವರ ಅತ್ತೆ ಜೋರಾಗಿ ಕೆಮ್ಮಿದರು.

ಕಥೆ ನಿಮ್ಮದು, ಮೂಗು ಅವರದು

ಎಲ್ಲ ಮುಗಿದು, ಮಾರ್ಚ್ ಅರ್ಧ ಕಳೆದಾಗ, ನಮ್ಮ ಕಂಪನಿಯ ವಕೀಲರು ಪುಟಗಳನ್ನು ನೋಡಿ ಒಂದು ಸಣ್ಣ ಪ್ರಶ್ನೆ ಕೇಳಿದರು. "ಈ ಮುಖ ಯಾರದು?"

"ರಾಕ್ಷಸೀದು," ಅಂದ ಬಾಸ್.

"ಅಲ್ಲ. ಪಾತ್ರ ಮಾಡಿದ ಹೆಂಗಸಿನದು. ಬದುಕಿದ್ದಾರೆ ತಾನೆ? ಅವರ ಒಪ್ಪಿಗೆ ಎಲ್ಲಿ?"

"ನಿರ್ಮಾಪಕರು ಎಲ್ಲಾ ಹಕ್ಕು ಕೊಟ್ಟಿದ್ದಾರೆ ಸರ್!"

"ಕಥೆ ನಿಮ್ಮದು, ಒಪ್ಪಿದೆ. ಮೂಗು ಅವರದು. ಅವರ ಸಹಿ ಇಲ್ಲದೆ ಒಂದು ಪುಟವೂ ಅಚ್ಚಾಗುವ ಹಾಗಿಲ್ಲ."

ಬಾಸ್ ಮಾಸ್ಟರ್‌ಜೀ ಕಡೆ ತಿರುಗಿದ. "ಮಾಸ್ಟರ್‌ಜೀ, ಎಲ್ಲಾ ಪುಟದಲ್ಲೂ ಮೂಗು ಸ್ವಲ್ಪ ಕತ್ತರಿಸಿಬಿಡಿ. ಮುಖ ಬೇರೆ ಆಗುತ್ತೆ."

ಮಾಸ್ಟರ್‌ಜೀ ಕುಂಚ ಕೆಳಗಿಟ್ಟು, ಹುಚ್ಚನನ್ನು ನೋಡುವಂತೆ ನೋಡಿದರು. "ರಾಕ್ಷಸಿಯ ಮೂಗು ಕೊಯ್ಯೋದಾ? ಬೇಟಾ, ಹಿಂದೆ ಒಂದು ಸಲ ಕೊಯ್ದದ್ದಕ್ಕೆ ಏನೇನಾಯ್ತು ಅಂತ ಇಡೀ ದೇಶಕ್ಕೇ ಗೊತ್ತು. ಸಮುದ್ರಕ್ಕೆ ಸೇತುವೆ ಕಟ್ಟೋ ತನಕ ಹೋಯ್ತು."

ರೋಹಿಣಿಯಲ್ಲಿ ನಗು

ಆಕೆ ರೋಹಿಣಿಯ ಒಂದು ಸೆಕ್ಟರಿನಲ್ಲಿ, ನೆಲಮಹಡಿಯ ಫ್ಲ್ಯಾಟಿನಲ್ಲಿದ್ದಾರೆ ಎಂದು ಪತ್ತೆಯಾಯಿತು. ಒಪ್ಪಿಗೆ ಪತ್ರ, ಅಚ್ಚಿಗೆ ಸಿದ್ಧವಿದ್ದ ಪುಟಗಳು, ಒಂದು ಡಬ್ಬಿ ಬರ್ಫಿ ಹಿಡಿದು ನಾನೊಬ್ಬಳೇ ಮೆಟ್ರೋ ಹತ್ತಿದೆ. ಬಾಸ್ ಬರಲಿಲ್ಲ. ಏನೋ ಮೀಟಿಂಗಂತೆ.

ಆ ಬೀದಿಯಲ್ಲಿ ಕಾರುಗಳು ಒಂದರ ಮೂತಿ ಇನ್ನೊಂದರ ಬೆನ್ನಿಗೆ ತಾಗಿಕೊಂಡು ನಿಂತಿದ್ದವು. ಅವರ ಗೇಟಿನ ಮುಂದೆ ಮಾತ್ರ ಎರಡು ಕಾರಿನಷ್ಟು ಜಾಗ ಸ್ವಚ್ಛವಾಗಿ ಖಾಲಿ. ಬೆಲ್ ಒತ್ತಿದೆ. ಬಾಗಿಲು ತೆರೆದಾಗ ಮೊದಲು ಮೂಗು ಬಂತು, ಅದರ ಹಿಂದೆ ಆಂಟಿ ಬಂದರು. ಸಲ್ವಾರ್ ಕಮೀಜ್, ಮೇಲೊಂದು ಮಾಸಿದ ಸ್ವೆಟರ್, ಕೈಯಲ್ಲಿ ಹೆಣಿಗೆ. ಮೇಕಪ್ ಏನೂ ಇರಲಿಲ್ಲವಂತೆ ಸಿನಿಮಾದಲ್ಲಿ, ಎಲ್ಲಾ ಸ್ವಂತದ್ದೇ.

ಬಹಳ ಮೃದು ಹೆಂಗಸು. ಚಹಾ ಕೊಟ್ಟರು, ಕುರುಕಲು ಮಠ್ರಿ ಕೊಟ್ಟರು, ನನ್ನ ಸುತ್ತಾಟದ ಕಥೆ ಕೇಳಿ "ಹುಷಾರಮ್ಮ" ಅಂದರು. ಆಮೇಲೆ ಪುಟ ತಿರುವತೊಡಗಿದರು. ಒಂದು ಕಡೆ ಬೆರಳು ನಿಂತಿತು.

"ಇದು ಯಾರು ಅಳ್ತಿರೋದು?"

"ನೀವೇ ಆಂಟಿ. ಚಿಕ್ಕಂದಿನಲ್ಲಿ."

"ಯಾಕೆ?"

"ಊರ ಮಕ್ಕಳು ಆಟಕ್ಕೆ ಸೇರಿಸಿಕೊಳ್ಳಲ್ಲ. ಮೂಗು ನೋಡಿ ನಗ್ತಾರೆ. ಆ ನೋವಿನಲ್ಲೇ ಮುಂದೆ ನೀವು..."

"ಮಕ್ಕಳನ್ನು ತಿಂದೆ?"

"ಹೌದು."

ಆಂಟಿ ಕನ್ನಡಕ ತೆಗೆದರು. "ಬೇಟಾ, ನಾನು ಮಕ್ಕಳನ್ನು ತಿಂದದ್ದು ಮಕ್ಕಳು ರುಚಿಯಾಗಿದ್ದವು ಅಂತ. ನಿರ್ದೇಶಕರು ನನಗೆ ಹೇಳಿಕೊಟ್ಟಿದ್ದು ಅಷ್ಟೇ. ಈ ಅಳು ಗಿಳು ಇದ್ದರೆ ನಾನು ಸಹಿ ಹಾಕಲ್ಲ."

ಅಮ್ಮನ ಮಡಿಲು, ಇನ್ವರ್ಟರ್ ಅಂಗಡಿಯ ಮೇಲಿನ ಆಫೀಸು, ಮಾಸ್ಟರ್‌ಜೀ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ಆಂಟಿ, ಇದರಿಂದ ಜನ ನಿಮ್ಮನ್ನು ಇನ್ನೂ ಪ್ರೀತಿಸ್ತಾರೆ," ಅಂದೆ.

"ಅದೇ ಬೇಡ ಅಂತಿರೋದು!" ಆಂಟಿ ಎದ್ದು ಹೋಗಿ ಪರದೆ ಸರಿಸಿದರು. "ನೋಡು ಹೊರಗೆ. ಈ ಸೆಕ್ಟರಿನಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ ತಲೆ ಒಡೆದುಕೊಂಡಿದ್ದಾರೆ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ. ನಾನು ಗಂಡ ಇಲ್ಲದವಳು, ಒಂಟಿ. ನನ್ನ ಗೇಟಿನ ಮುಂದೆ ಯಾರಾದರೂ ಒಂದು ಸ್ಕೂಟರ್ ನಿಲ್ಲಿಸಿದ್ದಾರಾ? ಯಾಕೆ ಹೇಳು? ಈ ಬೀದಿಯ ಗಂಡಸರೆಲ್ಲ ಭಾನುವಾರ ಸಂಜೆ ನನ್ನನ್ನು ನೋಡಿ ಬೆಳೆದವರು. ನೀರಿನ ಟ್ಯಾಂಕರ್ ಬಂದರೆ ಮೊದಲ ಪೈಪು ನಂದು. ಅವರ ಹೆಂಡಂದಿರು ಮಕ್ಕಳನ್ನ ಎತ್ತಿಕೊಂಡು ಬರ್ತಾರೆ, 'ಆಂಟೀಜೀ, ಹಾಲು ಕುಡೀತಿಲ್ಲ, ಒಂದು ಸಲ ನಕ್ಕುಬಿಡಿ' ಅಂತಾರೆ. ನಗ್ತೀನಿ. ಗಟಗಟ ಕುಡೀತಾವೆ. ನಾಳೆ ನಿನ್ನ ಪುಸ್ತಕ ಓದಿ 'ಪಾಪ, ಆಂಟಿ ಚಿಕ್ಕಂದಿನಲ್ಲಿ ಅತ್ತಿದ್ದರಂತೆ' ಅಂದುಕೊಂಡರೋ, ಸಂಜೆಯೊಳಗೆ ಇಲ್ಲಿ ನಾಲ್ಕು ಕಾರು ಇರ್ತವೆ!"

ನಾನು ಎಷ್ಟೋ ದೇಶಗಳಲ್ಲಿ ಎಷ್ಟೋ ಸಾಹಿತ್ಯ ವಿಮರ್ಶೆ ಕೇಳಿದ್ದೇನೆ. ಒಂದಕ್ಕೂ ಇಷ್ಟು ಗಟ್ಟಿ ಆಧಾರ ಇರಲಿಲ್ಲ.

"ಹಾಗಾದರೆ ಆ ಪುಟದಲ್ಲಿ ಏನು ಬರೀಲಿ ಆಂಟಿ?"

ಹೆಣಿಗೆ ಕೈಗೆತ್ತಿಕೊಂಡು ಸ್ವಲ್ಪ ಯೋಚಿಸಿದರು. "ಊರ ಮಕ್ಕಳನ್ನ ಅವಳೇ ಆಟಕ್ಕೆ ಕರೀತಾಳೆ ಅಂತ ಬರಿ. ಕಣ್ಣಾಮುಚ್ಚಾಲೆ. ಅವಳು ಬಹಳ ಚೆನ್ನಾಗಿ ಹುಡುಕ್ತಾಳೆ. ಸಂಜೆ ಆಗೋ ಹೊತ್ತಿಗೆ ಆಟಕ್ಕೆ ಯಾರೂ ಉಳಿದಿರಲ್ಲ."

ನನಗೆ ಮೈ ಜುಮ್ಮೆಂದಿತು. ಒಂದೂವರೆ ವರ್ಷದಲ್ಲಿ ನಾನು ಬರೆದ ಯಾವ ಪುಟಕ್ಕೂ ಹಾಗಾಗಿರಲಿಲ್ಲ. ಅಲ್ಲಿಂದಲೇ ಬಾಸ್‌ಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟು ವಿಷಯ ಹೇಳಿದೆ.

"ಆಗಲ್ಲ ಮೇಡಂ!" ಫೋನು ಅರಚಿತು. "ಕಣ್ಣೀರೇ ನಮ್ಮ ಸೆಲ್ಲಿಂಗ್ ಪಾಯಿಂಟ್! ಆಂಟೀಜೀ, ನಮಸ್ತೆ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಈಗಿನ ಓದುಗರಿಗೆ ನಿಮ್ಮ ನೋವು ತಿಳೀಬೇಕು. ನಿಮ್ಮ ಬಗ್ಗೆ ಭಯ ಈಗ ಯಾರಿಗಿದೆ ಹೇಳಿ? ಅದೆಲ್ಲ ಹಳೇ ಕಾಲದ್ದು."

ಆಂಟಿ ಫೋನಿನ ಹತ್ತಿರ ಬಾಗಿದರು. ದನಿಯಲ್ಲಿ ಜೇನು. "ಬೇಟಾ, ನಿನಗೆ ಎಷ್ಟು ವಯಸ್ಸು?"

"ಮೂವತ್ತೊಂದು ಆಂಟೀಜೀ."

"ಭಾನುವಾರ ಸಂಜೆ ಸಿನಿಮಾ ನೋಡ್ತಿದ್ದೆಯಾ?"

"ನೋಡ್ತಿದ್ದೆ."

"ಎಲ್ಲಿ ಕೂತು?"

"...ಸೋಫಾದ ಹಿಂದೆ."

ಆಂಟಿ ಹೆಣಿಗೆಯನ್ನು ಜೋಪಾನವಾಗಿ ಬುಟ್ಟಿಗೆ ಹಾಕಿದರು, ದುಪಟ್ಟಾ ಸರಿಮಾಡಿಕೊಂಡರು, ಮೂಗನ್ನು ಫೋನಿಗೆ ತಾಗುವಷ್ಟು ಹತ್ತಿರ ತಂದರು. ಆಮೇಲೆ ನಕ್ಕರು.

ಅದನ್ನು ಬರೆದು ತೋರಿಸಲಾರೆ. ಷೋಕೇಸಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅಂದವು. ಕಿಟಕಿಯ ಪಾರಿವಾಳಗಳು ಒಂದೂ ಉಳಿಯದೆ ಎದ್ದು ಹೋದವು. ನಾನು, ಮೂರು ಖಂಡ ಸುತ್ತಿದವಳು, ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡಿದ್ದು ಆಮೇಲೆ ಗೊತ್ತಾಯಿತು. ಪಕ್ಕದ ಮನೆಯಲ್ಲಿ ಯಾವುದೋ ಮಗು ರಾಗವಾಗಿ ಅಳುತ್ತಿದ್ದದ್ದು ಠಪ್ಪೆಂದು ನಿಂತಿತು.

ಫೋನಿನ ಆಚೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಕಣ್ಣೀರು ಬೇಕಾ ಬೇಟಾ?" ಆಂಟಿ ಕೇಳಿದರು.

"ಬೇಡ ಆಂಟಿ."

"ಆ ಪುಟ?"

"ತೆಗೀತೀನಿ ಆಂಟಿ. ಇವತ್ತೇ ತೆಗೀತೀನಿ."

ಆಂಟಿ ಪೆನ್ನು ಕೇಳಿ ತೆಗೆದುಕೊಂಡರು, ಒಪ್ಪಿಗೆ ಪತ್ರಕ್ಕೆ ದುಂಡಗೆ ಸಹಿ ಹಾಕಿದರು, ನನ್ನ ಕಡೆ ತಳ್ಳಿ, "ಇನ್ನೊಂದು ಮಠ್ರಿ ತಗೋ" ಅಂದರು. ನನ್ನ ಪುಸ್ತಕ ಉಳಿಯಿತು. ನಾನು ಫೋನು ಕತ್ತರಿಸಲು ಕೈ ಚಾಚಿದೆ. ಆಗ ಅದರೊಳಗಿಂದ, ಯಾರೂ ಕೇಳದಿದ್ದರೂ, ಸಣ್ಣ ದನಿಯೊಂದು ಬಂತು:

"ಆಂಟಿ... ಹಾಲೂ ಕುಡಿದಿದ್ದೀನಿ. ಪೂರ್ತಿ."